ಟಿಕೆಟ್‌ನಲ್ಲಿ 3 ಗಂಟೆ, ಆಕಾಶದಲ್ಲಿ 16 ಗಂಟೆ: ದೂರದ ವಿಮಾನದ ಲೆಕ್ಕ ಹಾಕುವುದು ಹೀಗೆ

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದ ನಮ್ಮ ಚಿಕ್ಕಮ್ಮ ಉಡುಪಿಯ ಮನೆಯಲ್ಲಿ ಟಿಕೆಟ್ ಹಿಡಿದುಕೊಂಡು ಕೇಳಿದರು: "ಬೆಂಗಳೂರು ಬಿಡುವುದು ಮಧ್ಯಾಹ್ನ 2ಕ್ಕೆ, ಸ್ಯಾನ್ ಫ್ರಾನ್ಸಿಸ್ಕೋ ಮುಟ್ಟುವುದು ಅದೇ ದಿನ ಸಂಜೆ 5ಕ್ಕೆ. ಮೂರೇ ಗಂಟೆಯಾ ಮಾರಾಯ?"

ಅಲ್ಲ. ಟಿಕೆಟ್‌ನಲ್ಲಿ ಇರುವುದು ಆಯಾ ಊರಿನ ಸಮಯ. ಮೊದಲು ಎರಡನ್ನೂ ನಮ್ಮ ಸಮಯಕ್ಕೆ ತನ್ನಿ. ಸ್ಯಾನ್ ಫ್ರಾನ್ಸಿಸ್ಕೋ ಚಳಿಗಾಲದಲ್ಲಿ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಚಿಕ್ಕಮ್ಮ ಹೊರಟದ್ದು ಡಿಸೆಂಬರಿನಲ್ಲಿ. ಅಲ್ಲಿ ಸಂಜೆ 5 ಅಂದರೆ ಇಲ್ಲಿ ಮರುದಿನ ಬೆಳಿಗ್ಗೆ ಆರೂವರೆ. ಅಂದರೆ ಹದಿನಾರೂವರೆ ಗಂಟೆ ಸೀಟಿನಲ್ಲೇ.

ಟಿಕೆಟ್ ಇನ್ನೂ ಕೈಗೆ ಬಂದಿಲ್ಲವಾ? ವಿಮಾನ ಗಂಟೆಗೆ ಸುಮಾರು 850 ಕಿಲೋಮೀಟರ್ ಹೋಗುತ್ತದೆ ಅಂತ ಇಟ್ಟುಕೊಂಡು ದೂರವನ್ನು 850ರಿಂದ ಭಾಗಿಸಿ, ಏರಲು ಇಳಿಯಲು ಅರ್ಧ ಗಂಟೆ ಸೇರಿಸಿ. ಮಂಗಳೂರು-ದುಬೈ ಸುಮಾರು 2,450 ಕಿಲೋಮೀಟರ್, ಮೂರೂವರೆ ಗಂಟೆ ಹತ್ತಿರ ಬರುತ್ತದೆ. ಬೆಂಗಳೂರು-ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 14,000, ಹದಿನೇಳು ಗಂಟೆ ಆಸುಪಾಸು. ಗಾಳಿ ನೋಡಿಕೊಂಡು ಇದು ಸ್ವಲ್ಪ ಹಿಂದೆ ಮುಂದೆ ಆಗುತ್ತದೆ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುವುದರಿಂದ ಲಂಡನ್‌ಗೆ ಹೋಗುವಾಗ ಜಾಸ್ತಿ ಹೊತ್ತು, ಬರುವಾಗ ಕಡಿಮೆ.

ದೂರವನ್ನು ಮಾತ್ರ ಗೋಡೆಯ ನಕ್ಷೆಯಲ್ಲಿ ಸ್ಕೇಲ್ ಇಟ್ಟು ಅಳೆಯಬೇಡಿ. ಮಕ್ಕಳ ಗ್ಲೋಬ್ ಇದ್ದರೆ ತೆಗೆದುಕೊಳ್ಳಿ, ಹೂ ಕಟ್ಟುವ ನೂಲಿನ ಒಂದು ತುದಿಯನ್ನು ಮಂಗಳೂರಿನ ಮೇಲೆ ಒತ್ತಿ ಹಿಡಿದು ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಬಿಗಿಯಾಗಿ ಎಳೆಯಿರಿ, ನೂಲು ತಾನಾಗಿಯೇ ಹಿಮಾಲಯ, ಸೈಬೀರಿಯ ದಾಟಿ ಉತ್ತರಕ್ಕೆ ಹತ್ತುತ್ತದೆ. ಅದೇ ಹತ್ತಿರದ ದಾರಿ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದಲೇ ಹಾರಿ ಬಂದರು. ನೂಲು ಎಳೆದು ನೋಡಿದ ಮೇಲೆ ಚಿಕ್ಕಮ್ಮನಿಗೆ ಆ ಸುದ್ದಿ ಸರಿಯಾಗಿ ಅರ್ಥವಾಯಿತು.

ಈಗ ಮನೆಯಿಂದ ಲೆಕ್ಕ ಹಾಕಿ. ಮಧ್ಯಾಹ್ನ 2ರ ವಿಮಾನಕ್ಕೆ ಬೆಳಿಗ್ಗೆ 9ಕ್ಕೇ ಬೆಂಗಳೂರಿನಲ್ಲಿ ಇಳಿದಿರಬೇಕು, ಹಾಗಾಗಿ ಬಜ್ಪೆಯಿಂದ, ಅಂದರೆ ಮಂಗಳೂರು ಏರ್‌ಪೋರ್ಟಿನಿಂದ, 8ರ ವಿಮಾನ, 6ಕ್ಕೆ ಏರ್‌ಪೋರ್ಟ್, ಉಡುಪಿ ಬಿಡುವುದು ಬೆಳಗಿನ ಜಾವ 4ಕ್ಕೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದ ಮೇಲೆ ಇಮಿಗ್ರೇಷನ್, ಲಗೇಜ್ ಅಂತ ಇನ್ನೂ ಒಂದೂವರೆ ಗಂಟೆ. ಒಟ್ಟು 28 ಗಂಟೆ! ಮಳೆಗಾಲದಲ್ಲಾದರೆ ಬೆಳಗಿನ ವಿಮಾನವನ್ನೂ ನಂಬಬೇಡಿ, ಹಿಂದಿನ ದಿನವೇ ಬೆಂಗಳೂರು ಸೇರಿಕೊಳ್ಳಿ. ಬಜ್ಪೆಯಲ್ಲಿ ಮೋಡ ಕವಿದರೆ ವಿಮಾನ ಇಳಿಯಲಾಗದೆ ಬೇರೆ ಊರಿಗೆ ಹೋಗುವುದುಂಟು. ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿ ಇರಲಿ, ಬೇರೆ ಬೇರೆ ಇದ್ದರೆ ಮೊದಲನೆಯದು ತಡವಾದಾಗ ಎರಡನೆಯದರ ದುಡ್ಡು ಹೋಗುವ ಭಯ ಇದೆ.

ಬಿಪಿ, ಶುಗರ್ ಮಾತ್ರೆ ತೆಗೆದುಕೊಳ್ಳುವವರು ದಾರಿಯಲ್ಲಿ ಯಾವಾಗ ನುಂಗಬೇಕು ಅಂತ ಡಾಕ್ಟರ ಹತ್ತಿರ ಮೊದಲೇ ಕೇಳಿ. ಚಿಕ್ಕಮ್ಮ ಕೇಳಿಕೊಂಡು ಬಂದು, ಪ್ರತಿ ಮಾತ್ರೆಯ ಪಟ್ಟಿಯ ಮೇಲೆ ನಮ್ಮ ಸಮಯವನ್ನು ಪೆನ್ನಿನಲ್ಲಿ ಬರೆದಿಟ್ಟರು. ಮಗಳ ಮನೆ ಮುಟ್ಟುವ ತನಕ ವಾಚಿನ ಮುಳ್ಳು ತಿರುಗಿಸಲಿಲ್ಲ.