ರೀಕಂಡೀಷನ್ ಮಾಡಿದ ಡ್ರಿಲ್, ಗ್ರೈಂಡರ್ ಕೊಳ್ಳುವ ಮುನ್ನ

ಮಂಗಳೂರು, ಉಡುಪಿಯ ಕಡೆ ರೀಕಂಡೀಷನ್ ಮಾಡಿದ (ಹಳೆಯದನ್ನು ದುರಸ್ತಿ ಮಾಡಿ ಮತ್ತೆ ಮಾರುವ) ಡ್ರಿಲ್ ಅಥವಾ ಗ್ರೈಂಡರ್ ಕೊಳ್ಳಲು ಹೊರಟಿರುವ ಸದಸ್ಯರು, ಹೊಸ ಬಣ್ಣದ ಹೊಳಪಿಗೆ ಮರುಳಾಗದೆ, ಅಂಗಡಿಯಲ್ಲೇ ಯಂತ್ರವನ್ನು ಐದು ನಿಮಿಷವಾದರೂ ಓಡಿಸಿ ನೋಡಬೇಕೆಂದು ಕೋರುತ್ತೇನೆ. ಓಡುವಾಗ ಗಾಳಿಕಿಂಡಿಯಲ್ಲಿ ಇಣುಕಿದರೆ, ಮೋಟರಿಗೆ ವಿದ್ಯುತ್ ಮುಟ್ಟಿಸುವ ಕಾರ್ಬನ್ ಬ್ರಷ್, ತಿರುಗುವ ತಾಮ್ರದ ಉರುಳೆಯಾದ ಕಮ್ಯುಟೇಟರಿಗೆ ತಾಗುವಲ್ಲಿ ಸಣ್ಣ ನೀಲಿ ಕಿಡಿ ಕಾಣುವುದು ಸಹಜ. ಆದರೆ ಕಿಡಿ ಸುತ್ತಲೂ ಉಂಗುರದಂತೆ ಹರಡಿದರೆ, ಜೊತೆಗೆ ವಾರ್ನಿಷ್ ಸುಟ್ಟ ವಾಸನೆಯೂ ಬಂದರೆ, ಆರ್ಮೇಚರ್ (ಮೋಟರಿನೊಳಗೆ ತಿರುಗುವ, ತಂತಿ ಸುತ್ತಿದ ಭಾಗ) ಕೆಟ್ಟಿರುವ ಸಂಭವವೇ ಹೆಚ್ಚು. ಬ್ರಷ್ ಬದಲಿಸುವುದು ಅಗ್ಗದ ಕೆಲಸ, ಆರ್ಮೇಚರ್ ಹಾಗಲ್ಲ.

ನಮ್ಮ ಕರಾವಳಿಯ ಉಪ್ಪುಗಾಳಿಯೂ ಮಳೆಗಾಲದ ತೇವವೂ ಬೇರಿಂಗನ್ನು ಒಳಗೊಳಗೇ ತಿನ್ನುವುದರಿಂದ, ಪ್ಲಗ್ ತೆಗೆದ ಬಳಿಕ ಡ್ರಿಲ್ಲಿನ ಬಿಟ್ ಹಿಡಿಯುವ ಚಕ್ಕನ್ನು ಕೈಯಿಂದ ಅಲುಗಾಡಿಸಿ, ನಿಧಾನವಾಗಿ ತಿರುಗಿಸಿ, ಕರಕರ ಸದ್ದಿದೆಯೇ ಎಂದು ಕಿವಿಗೊಟ್ಟು ಕೇಳಬೇಕು.

ಗಲ್ಫಿನಿಂದ ಬಂದ ಯಂತ್ರಗಳು ನಮ್ಮಲ್ಲಿ ಬಹಳ. ಸೌದಿ ಅರೇಬಿಯಾದ ಮನೆಗಳಲ್ಲಿ ಬಹುಕಾಲ 127 ವೋಲ್ಟ್ ವಿದ್ಯುತ್ ಇತ್ತು. ಆ 127 ವೋಲ್ಟಿನ ಯಂತ್ರವನ್ನು ನಮ್ಮ 230 ವೋಲ್ಟಿಗೆ ನೇರವಾಗಿ ಜೋಡಿಸಿದರೆ ಸುಟ್ಟುಹೋಗುತ್ತದೆ. ಆದ್ದರಿಂದ ವೋಲ್ಟೇಜ್ ಬರೆದಿರುವ ಹೆಸರುಫಲಕ ಕಿತ್ತುಹೋದ ಯಂತ್ರವನ್ನು, ಎಷ್ಟೇ ಕಡಿಮೆ ಬೆಲೆಗೆ ಸಿಕ್ಕರೂ, ನಾನು ಮುಟ್ಟುವುದಿಲ್ಲ.

ಬ್ಯಾಟರಿ ಡ್ರಿಲ್ಲಾದರೆ ಹಳೆಯ ಬ್ಯಾಟರಿಗೆ ಬೆಲೆಯನ್ನೇ ಕಟ್ಟಬೇಡಿ, ಹೊಸದರ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ. ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುವ ನಾಲ್ಕಿಂಚಿನ ಗ್ರೈಂಡರಿನ ಡಿಸ್ಕ್ ಒಡೆದರೆ ಚೂರು ನೇರವಾಗಿ ಮುಖಕ್ಕೇ ಹಾರಬಹುದಾದ್ದರಿಂದ, ಗಾರ್ಡ್ (ಡಿಸ್ಕಿನ ರಕ್ಷಣಾ ಕವಚ) ಇಲ್ಲದ ಗ್ರೈಂಡರನ್ನು ದಯವಿಟ್ಟು ಮನೆಗೆ ತರಬೇಡಿ. ಬಿಲ್ಲಿನಲ್ಲಿ ಸೀರಿಯಲ್ ನಂಬರನ್ನೂ ವಾರಂಟಿಯ ಅವಧಿಯನ್ನೂ ಬರೆಸಿಕೊಳ್ಳಿ.