ಕಂಟ್ರಿ ಹಾಡು ಬರೀಬೇಕಾ? ನಿಮ್ಮ ಹೀರೋಗೆ ಕಲಿಸಿದವ್ರನ್ನ ಮೊದ್ಲು ಹುಡುಕಿ

ಕಂಟ್ರಿ, ಅಂದ್ರೆ ಅಮೆರಿಕದ ಹಳ್ಳಿ ಕಡೆಯಿಂದ ಬೆಳೆದು ಬಂದ ಸಂಗೀತ, ಆ ಥರದ ಹಾಡು ಬರೀಬೇಕು ಅನ್ನೋರು ಸಾಮಾನ್ಯವಾಗಿ ತಮಗಿಷ್ಟವಾದ ಒಬ್ರು ಸಿಂಗರ್‌ನ ಹಿಡ್ಕೊಂಡು ಅವ್ರ ಥರಾನೇ ಬರೆಯೋಕೆ ಹೋಗ್ತಾರೆ, ಸ್ವಲ್ಪ ದಿನಕ್ಕೆ ಬರೆದಿದ್ದೆಲ್ಲ ಒಂದೇ ಥರ ಕೇಳ್ಸೋಕೆ ಶುರುವಾಗುತ್ತೆ. ಅದ್ರ ಬದ್ಲು ಆ ಸಿಂಗರ್ ಯಾರನ್ನ ಕೇಳಿ ಬೆಳೆದ್ರು, ಯಾರ ಹತ್ರ ಕಲಿತ್ರು ಅಂತ ಒಂದೆರಡು ತಲೆಮಾರು ಹಿಂದಕ್ಕೆ ಹೋಗಿ ನೋಡಿ.

ಕಂಟ್ರಿಯ ದೊಡ್ಡ ಹೆಸ್ರು, ಹಾಡು ಬರೆದು ಹಾಡ್ತಿದ್ದ ಹ್ಯಾಂಕ್ ವಿಲಿಯಮ್ಸ್‌ನೇ ತಗೊಳ್ಳಿ. 1923ರಲ್ಲಿ ಅಲಬಾಮಾದಲ್ಲಿ ಹುಟ್ಟಿದ್ದು, 1953ರ ಜನವರಿ 1ಕ್ಕೆ ತೀರ್ಕೊಂಡಾಗ ಬರೀ 29 ವರ್ಷ. ಹುಡುಗನಾಗಿದ್ದಾಗ ಅವ್ರಿಗೆ ಹೇಳ್ಕೊಟ್ಟಿದ್ದು ರೂಫಸ್ ಪೇನ್, ಟೀ-ಟಾಟ್ ಅಂತ ಕರೀತಿದ್ರು, ಬೀದೀಲಿ ಹಾಡ್ತಿದ್ದ ಕಪ್ಪು ಜನಾಂಗದ ಕಲಾವಿದ. ಈ ಕಡೆ ಅಮ್ಮ ಲಿಲ್ಲಿ ಚರ್ಚಲ್ಲಿ ಆರ್ಗನ್ ನುಡಿಸ್ತಿದ್ರು. ಅಂದ್ರೆ ಬೀದಿಯ ಬ್ಲೂಸ್ (ಅಮೆರಿಕದ ಕಪ್ಪು ಜನಾಂಗದವ್ರ ನೋವು-ನಲಿವಿನ ಹಾಡು) ಒಂದು ಕಡೆ, ಚರ್ಚ್ ಹಾಡು ಇನ್ನೊಂದು ಕಡೆ, ಎರಡೂ ಆ ಹುಡುಗನ ಕಿವಿಗೆ ಒಟ್ಟಿಗೇ ಬಿದ್ದಿದೆ. ಇದು ಗೊತ್ತಿದ್ದು ಅವ್ರ ಹಾಡು ಕೇಳಿ, ಯಾವ ಸಾಲು ಎಲ್ಲಿಂದ ಬಂತು ಅನ್ನೋದು ಗೊತ್ತಾಗ್ತಾ ಹೋಗುತ್ತೆ.

ಇನ್ನೂ ಹಿಂದಕ್ಕೆ ಹೋದ್ರೆ 1927ರ ಬ್ರಿಸ್ಟಲ್ ರೆಕಾರ್ಡಿಂಗ್. ಟೆನೆಸ್ಸೀ-ವರ್ಜೀನಿಯಾ ಗಡಿಯ ಆ ಊರಿಗೆ ರಾಲ್ಫ್ ಪಿಯರ್ ಅನ್ನೋ ರೆಕಾರ್ಡಿಂಗ್ ನಿರ್ಮಾಪಕ ರೆಕಾರ್ಡಿಂಗ್ ಮೆಷೀನ್ ತಂದು ಸುತ್ತಮುತ್ತಲವ್ರನ್ನ ಹಾಡ್ಸಿದ್ರು, ಕಂಟ್ರಿಯ ಮೊದಲ ದೊಡ್ಡ ಹೆಸ್ರುಗಳಾದ ಸಿಂಗರ್ ಜಿಮ್ಮಿ ರಾಡ್ಜರ್ಸ್, ಒಂದೇ ಮನೆಯವ್ರ ಹಾಡಿನ ತಂಡ ಕಾರ್ಟರ್ ಫ್ಯಾಮಿಲಿ, ಇಬ್ರೂ ಅಲ್ಲೇ ಮೊದ್ಲು ರೆಕಾರ್ಡ್ ಆಗಿದ್ದು. ಆ ತಂಡದ ಎ.ಪಿ. ಕಾರ್ಟರ್ ಆಮೇಲೆ ಹಳೇ ಹಾಡು ಹುಡುಕ್ಕೊಂಡು ಊರೂರು ತಿರುಗಿದ್ರು, ಜೊತೆಗೆ ಲೆಸ್ಲಿ ರಿಡಲ್ ಅನ್ನೋ ಕಪ್ಪು ಜನಾಂಗದ ಗಿಟಾರ್ ವಾದಕ. ಕಾರ್ಟರ್ ಪದ ಬರ್ಕೊಳ್ಳೋದು, ರಿಡಲ್ ಟ್ಯೂನ್ ನೆನಪಿಟ್ಕೊಳ್ಳೋದು! ನನಗಂತೂ ರಿಡಲ್ ಹೆಸ್ರು ಇನ್ನೂ ಎಷ್ಟೋ ಜಾಸ್ತಿ ಜನಕ್ಕೆ ಗೊತ್ತಾಗ್ಬೇಕು ಅನ್ಸುತ್ತೆ. ಅದೇ ತಂಡದ ಗಿಟಾರ್ ವಾದಕಿ ಮೇಬೆಲ್ ಕಾರ್ಟರ್ ನುಡಿಸ್ತಿದ್ದ ರೀತಿನ ಗಿಟಾರ್ ಇರೋರು ಇವತ್ತೇ ಟ್ರೈ ಮಾಡಿ: ಹೆಬ್ಬೆರಳಲ್ಲಿ ಮೇಲಿನ ದಪ್ಪ ತಂತಿಗಳ ಮೇಲೆ ಟ್ಯೂನ್, ತೋರುಬೆರಳಲ್ಲಿ ಕೆಳಗಿನ ಸಣ್ಣ ತಂತಿಗಳನ್ನ ಸವರಿ ತಾಳ. ಒಬ್ರೇ ಕೂತು ಹಾಡು ಕಟ್ಟೋಕೆ ಇದಕ್ಕಿಂತ ಒಳ್ಳೇ ಅಭ್ಯಾಸ ನನಗೆ ಗೊತ್ತಿಲ್ಲ.

ಕಾರ್ಡ್ಸ್ (chords, ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ವಿಷ್ಯಕ್ಕೆ ಜಾಸ್ತಿ ತಲೆಕೆಡಿಸ್ಕೋಬೇಡಿ. ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್ ಊರಿನ ಸ್ಟುಡಿಯೋಗಳಲ್ಲಿ, ಸ್ಕೇಲಿನ ಎಷ್ಟನೇ ಸ್ವರದ ಮೇಲೆ ನಿಲ್ಲುತ್ತೆ ಅನ್ನೋದನ್ನ ನೋಡಿ ಕಾರ್ಡ್‌ಗೆ ನಂಬರ್ ಹಾಕಿ ಬರೀತಾರೆ, ಎಷ್ಟೋ ಹಾಡು 1, 4, 5ರಲ್ಲೇ ಮುಗಿಯುತ್ತೆ, ಜಿ ಸ್ಕೇಲಲ್ಲಿ ಜಿ, ಸಿ, ಡಿ. ನಮ್ಮ ಲೆಕ್ಕದಲ್ಲಿ ಸ, ಶುದ್ಧ ಮ, ಪ ಮೇಲೆ ನಿಲ್ಲೋ ಕಾರ್ಡ್ಸ್ ಅಷ್ಟೇ, ಹಾಡೋರ ಶ್ರುತಿ ಬದಲಾದ್ರೂ ನಂಬರ್ ಬದಲಾಗಲ್ಲ.

ಪ್ರಭಾವ ಅಂದ್ರೆ ಬರೀ ಹಾಡಲ್ಲ. ಕಂಟ್ರಿ ಹಾಡು ಬರೆದು ಹೆಸ್ರು ಮಾಡಿದ ಕ್ರಿಸ್ ಕ್ರಿಸ್ಟಾಫರ್ಸನ್ ಆಕ್ಸ್‌ಫರ್ಡಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವ್ರು, ಕವಿ ವಿಲಿಯಂ ಬ್ಲೇಕ್‌ನ ಎಷ್ಟು ಹಚ್ಕೊಂಡಿದ್ರೋ ಹ್ಯಾಂಕ್‌ನ ಅಷ್ಟೇ ಹಚ್ಕೊಂಡಿದ್ರು. ಸೇನೆಯಲ್ಲಿ ಕ್ಯಾಪ್ಟನ್, ಹೆಲಿಕಾಪ್ಟರ್ ಪೈಲಟ್, ಅಮೆರಿಕದ ಸೇನಾ ಕಾಲೇಜು ವೆಸ್ಟ್ ಪಾಯಿಂಟಲ್ಲಿ ಪಾಠ ಮಾಡೋ ಕೆಲ್ಸ ಕೈಗೆ ಬಂದಿತ್ತು, ಅದನ್ನೂ ಬಿಟ್ಟು 1965ರಲ್ಲಿ ನ್ಯಾಶ್‌ವಿಲ್‌ಗೆ ಬಂದು ಕೊಲಂಬಿಯಾ ಸ್ಟುಡಿಯೋದಲ್ಲಿ ಕಸ ಗುಡಿಸಿದ್ರು. ನಿಮ್ಮ ಓದು, ನಿಮ್ಮ ಕೆಲ್ಸ, ಮನೇಲಿ ಕೇಳಿದ ಮಾತು ಎಲ್ಲಾನೂ ನೋಟ್‌ಬುಕ್‌ಗೆ ಹಾಕಿ, "ಬೇಜಾರಾಗಿದೆ" ಅಂತ ಬರೆಯೋ ಕಡೆ ಬೇಜಾರಾದವ್ರ ಕೈ ಆಗ ಏನ್ ಮಾಡ್ತಿತ್ತು ಅಂತ ಬರೀರಿ.

ಬರೆದ್ಮೇಲೆ ಜನರ ಮುಂದೆ ಹಾಡ್ಲೇಬೇಕು. ನ್ಯಾಶ್‌ವಿಲ್‌ನ ಬ್ಲೂಬರ್ಡ್ ಕೆಫೆ 1982ರಿಂದ ಇದೆ, ಚಿಕ್ಕ ಜಾಗ, ಬರೆದವ್ರೇ ಸುತ್ತ ಕೂತು ಒಬ್ಬೊಬ್ರಾಗಿ ಹಾಡ್ತಾ ಹಾಡು ಹುಟ್ಟಿದ ಕಥೆ ಹೇಳ್ತಾರೆ. ಅಂಥ ವಿಡಿಯೋ ನೋಡುವಾಗ ಹಾಡಿನ ಮುಂಚಿನ ಆ ಮಾತನ್ನ ಫಾರ್ವರ್ಡ್ ಮಾಡ್ಬೇಡಿ. ನ್ಯಾಶ್‌ವಿಲ್‌ನಲ್ಲಿ ಇಬ್ರು ಮೂವರು ಕೂತು ಒಟ್ಟಿಗೆ ಬರೆಯೋದೂ ಮಾಮೂಲಿ. ನೀವೂ ಹಾಗೆ ಯಾರ ಜೊತೆಗಾದ್ರೂ ಕೂತ್ರೆ ಹಾಡಲ್ಲಿ ಯಾರಿಗೆ ಎಷ್ಟು ಪಾಲು ಅನ್ನೋದನ್ನ ಅವತ್ತೇ ಮಾತಾಡಿ ಬರ್ದಿಟ್ಕೊಳ್ಳಿ.