ಮಾಸ್ಟರ್ ಫೇಡರ್ ಸೊನ್ನೆಯಲ್ಲೇ ಇರಲಿ

ಮಿಕ್ಸ್ ಮಾಡುವಾಗ, ಅಂದರೆ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿದ ಧ್ವನಿಗಳನ್ನು ಹದವಾಗಿ ಕೂಡಿಸುವಾಗ, ನಾನು ಮಾಸ್ಟರ್ ಫೇಡರನ್ನು ಮುಟ್ಟುವುದಿಲ್ಲ. ಒಟ್ಟು ಹಾಡಿನ ಮಟ್ಟವನ್ನು ಏರಿಸಿ ಇಳಿಸುವ ಜಾರುಗುಂಡಿ ಅದು; ಸೊನ್ನೆಯ ಗುರುತಿನಲ್ಲಿದ್ದರೆ ಧ್ವನಿ ಏರದೆ ಇಳಿಯದೆ ಹಾಗೇ ಹಾದುಹೋಗುತ್ತದೆ. ಮಟ್ಟ ಮಿತಿ ಮೀರಿ ಕೆಂಪು ದೀಪ ಹತ್ತಿದರೂ ಮುಟ್ಟುವುದಿಲ್ಲ. ಮೈಸೂರಿನ ಕುವೆಂಪುನಗರದಲ್ಲಿ, ಮನೆಯ ಹಿಂದಿನ ಕೋಣೆಯಲ್ಲಿ, ಭಾವಗೀತೆ, ವಚನ, ದೇವರನಾಮಗಳನ್ನು ರೆಕಾರ್ಡ್ ಮಾಡಿ ಮಿಕ್ಸ್ ಮಾಡಿಕೊಡುತ್ತೇನೆ. ಒಂದು ಕಂಠ, ತಬಲಾ, ಹಾರ್ಮೋನಿಯಂ, ಕೊಳಲು, ಹಿನ್ನೆಲೆಗೆ ಕೀಬೋರ್ಡ್, ತಳದಲ್ಲಿ ಎಲೆಕ್ಟ್ರಾನಿಕ್ ತಂಬೂರಿ: ಇಷ್ಟೇ ನಮ್ಮ ಮೇಳ. ಇಷ್ಟಕ್ಕೇ ಮಾಸ್ಟರ್ ಹೇಗೆ ತುಂಬಿ ತುಳುಕುತ್ತದೆ ಎಂಬುದು ಹೊಸಬರ ಪ್ರಶ್ನೆ.

ಲೆಕ್ಕ ಸರಳ. ಒಂದೇ ಮಟ್ಟದ, ಆದರೆ ಬೇರೆ ಬೇರೆಯಾದ ಎರಡು ಧ್ವನಿಗಳು ಕೂಡಿದರೆ ಮಟ್ಟ ಸುಮಾರು 3 ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ಏರುತ್ತದೆ. ಎಂಟು ಕೂಡಿದರೆ 9 ಡಿಬಿ. ಡಿಜಿಟಲ್ ಮೀಟರಿನಲ್ಲಿ ಸೊನ್ನೆಯೇ ಗರಿಷ್ಠ ಮಟ್ಟ, ಅದರ ಕೆಳಗಿನದೆಲ್ಲ ಮೈನಸ್. ಪ್ರತಿ ಟ್ರ್ಯಾಕನ್ನೂ (ಒಂದೊಂದು ವಾದ್ಯದ ರೆಕಾರ್ಡಿಂಗನ್ನೂ) ಮೈನಸ್ 3ರವರೆಗೆ ಎತ್ತಿ ರೆಕಾರ್ಡ್ ಮಾಡಿದ್ದರೆ ಮಾಸ್ಟರ್‌ನಲ್ಲಿ ಜಾಗ ಎಲ್ಲಿಂದ ಬರಬೇಕು? ತಳದ ಹಿಸ್ ಸದ್ದು ಕೇಳಿಸದಿರಲೆಂದು ಹಾಗೆ ಎತ್ತುವ ಅಭ್ಯಾಸ ಟೇಪಿನ ಮತ್ತು ಡಿಜಿಟಲ್ ರೆಕಾರ್ಡಿಂಗಿನ 16 ಬಿಟ್‌ನ ಕಾಲದ್ದು. ಒಂದು ಬಿಟ್‌ಗೆ ಸುಮಾರು 6 ಡಿಬಿಯಂತೆ 16 ಬಿಟ್‌ಗೆ 96 ಡಿಬಿ, 24 ಬಿಟ್‌ಗೆ 144 ಡಿಬಿ ಹರವು, ಅಂದರೆ ತೀರಾ ಸಣ್ಣ ಸದ್ದಿನಿಂದ ತೀರಾ ಜೋರಿನವರೆಗಿನ ಅಂತರ, ಸಿಗುತ್ತದೆ. ನಮ್ಮ ಕೋಣೆಗಳಲ್ಲಿ ಫ್ಯಾನು, ಪಕ್ಕದ ಮನೆಯ ಮಿಕ್ಸಿ, ರಸ್ತೆಯ ಆಟೋಗಳ ಸದ್ದೇ ಅದರ ತಳಕ್ಕಿಂತ ಎಷ್ಟೋ ಮೇಲಿರುತ್ತದೆ. ಹಾಗಾಗಿ 24 ಬಿಟ್‌ನಲ್ಲಿ, ಗಾಯಕರು ಏರುದನಿಗೆ ಹೋದಾಗಲೂ ಮೈನಸ್ 10 ಅಥವಾ 12 ದಾಟದಂತೆ ಗೇನ್ (ಮೈಕಿನ ಧ್ವನಿಯನ್ನು ಎತ್ತುವ ಪ್ರಮಾಣ) ಇಡುತ್ತೇನೆ. ಏನೂ ನಷ್ಟವಿಲ್ಲ.

ಮಾಸ್ಟರ್ ಫೇಡರ್ ಇಳಿಸಿದರೆ ತಪ್ಪೇನು ಎಂದು ಕೇಳಿದರೆ, ಮಾಸ್ಟರ್‌ನಲ್ಲಿ ಯಾವ ಪ್ಲಗಿನ್ನೂ (ಧ್ವನಿ ತಿದ್ದುವ ಸೇರ್ಪಡೆ ತಂತ್ರಾಂಶ) ಇಲ್ಲದಿದ್ದರೆ ನಿಜವಾಗಿಯೂ ತಪ್ಪಿಲ್ಲ. ಈಗಿನ ಸಾಫ್ಟ್‌ವೇರ್‌ಗಳು ಒಳಗಿನ ಲೆಕ್ಕವನ್ನೆಲ್ಲ 32 ಬಿಟ್ ಫ್ಲೋಟಿಂಗ್ ಪಾಯಿಂಟ್‌ನಲ್ಲೋ ಅದಕ್ಕಿಂತ ಹೆಚ್ಚಿನದರಲ್ಲೋ ಮಾಡುತ್ತವೆ. ಆ ಲೆಕ್ಕದಲ್ಲಿ ಸೊನ್ನೆಯ ಮೇಲೂ ಜಾಗವಿರುವುದರಿಂದ ಸೊನ್ನೆ ದಾಟಿದ ಧ್ವನಿ ಒಳಗೆ ಒಡೆಯುವುದಿಲ್ಲ, 24 ಬಿಟ್ ಫೈಲಾಗಿ ಹೊರಬರುವಾಗ ಅಥವಾ ಸ್ಪೀಕರ್‌ಗೆ ಹೋಗುವಾಗ ಒಡೆಯುತ್ತದೆ. ಆದರೆ ನಾನು ಬಳಸುವ ರೆಕಾರ್ಡಿಂಗ್ ಸಾಫ್ಟ್‌ವೇರ್ ರೀಪರ್‌ನಲ್ಲಿ ಮಾಸ್ಟರ್‌ನ ಪ್ಲಗಿನ್‌ಗಳು ಫೇಡರ್‌ಗಿಂತ ಮೊದಲು ಬರುತ್ತವೆ. ಅಲ್ಲೊಂದು ಕಂಪ್ರೆಸರ್ (ಜೋರಿನ ಕ್ಷಣಗಳನ್ನು ಅದುಮುವ ಪ್ಲಗಿನ್) ಕೂತಿದ್ದರೆ, ಫೇಡರ್ ಎಷ್ಟೇ ಇಳಿಸಿದರೂ ಅದಕ್ಕೆ ಬೀಳುವ ಹೊಡೆತ ಅಷ್ಟೇ. ಉಸಿರುಗಟ್ಟಿದ ಹಾಡು ಮೆಲ್ಲಗೆ ಕೇಳಿಸುತ್ತದೆ, ಅಷ್ಟೇ ಲಾಭ. ಪ್ರೊ ಟೂಲ್ಸ್‌ನಲ್ಲಿ ಈ ಕ್ರಮ ತಲೆಕೆಳಗು: ಮಾಸ್ಟರ್ ಫೇಡರ್ ಮೊದಲು, ಪ್ಲಗಿನ್ ಆಮೇಲೆ. ಇಬ್ಬರು ಬೇರೆ ಬೇರೆ ಸಾಫ್ಟ್‌ವೇರ್ ಹಿಡಿದು ವಾದಿಸಿದರೆ ಇಬ್ಬರ ಮಾತೂ ಸರಿ ಇರಬಹುದು.

ನಾನು ಇಳಿಸುವುದು ಟ್ರ್ಯಾಕ್‌ಗಳನ್ನು. ಎಲ್ಲವನ್ನೂ ಒಟ್ಟಿಗೆ ಆಯ್ದು 5 ಅಥವಾ 6 ಡಿಬಿ ಕೆಳಗೆಳೆಯುತ್ತೇನೆ. ಪರಸ್ಪರ ಸಮತೋಲ ಕೆಡುವುದಿಲ್ಲ. ಇಲ್ಲಿ ಮೂರು ಕಡೆ ಎಚ್ಚರ ಬೇಕು. ತಬಲಾದ ಎರಡು ಮೈಕುಗಳು ಒಂದು ಬಸ್‌ಗೆ (ಹಲವು ಟ್ರ್ಯಾಕ್‌ಗಳು ಬಂದು ಕೂಡುವ ಸಾಲಿಗೆ) ಹೋಗುತ್ತಿದ್ದರೆ ಟ್ರ್ಯಾಕನ್ನೂ ಬಸ್ಸನ್ನೂ ಎರಡನ್ನೂ ಎಳೆಯಬಾರದು, ಇಳಿಕೆ ಎರಡು ಸಲ ಆಗುತ್ತದೆ. ಟ್ರ್ಯಾಕ್‌ಗಳನ್ನು ಇಳಿಸಿದಾಗ ಆ ಬಸ್‌ನಲ್ಲಿ ಕಂಪ್ರೆಸರ್ ಇದ್ದರೆ ಅದರ ಥ್ರೆಶೋಲ್ಡನ್ನೂ (ಅದು ಅದುಮಲು ಶುರು ಮಾಡುವ ಮಟ್ಟವನ್ನೂ) ಅಷ್ಟೇ ಇಳಿಸಬೇಕು. ಕಂಠಕ್ಕೆ ಆಟೊಮೇಶನ್ (ಫೇಡರ್ ತಾನಾಗಿ ಏರಿಳಿಯುವಂತೆ ಮೊದಲೇ ಬರೆದಿಟ್ಟ ಚಲನೆ) ಬರೆದು ಅದು ರೀಡ್ ಮೋಡ್‌ನಲ್ಲಿದ್ದರೆ ಎಳೆದ ಫೇಡರ್ ಪ್ಲೇ ಒತ್ತಿದೊಡನೆ ಹಿಂದಿನ ಜಾಗಕ್ಕೇ ಜಿಗಿಯುತ್ತದೆ. ಅಂಥ ಟ್ರ್ಯಾಕ್‌ನ ಕೊನೆಯಲ್ಲಿ ಒಂದು ಗೇನ್ ಪ್ಲಗಿನ್ ಹಾಕಿ ಅಲ್ಲಿ ಇಳಿಸುತ್ತೇನೆ.

ಇಷ್ಟಾದರೂ ಕೆಲವು ಹಾಡುಗಳಲ್ಲಿ ಮೀಟರ್ ಕುಣಿಯುತ್ತಲೇ ಇರುತ್ತದೆ. ನಮ್ಮ ಸಂಗೀತದಲ್ಲಿ ಅದಕ್ಕೆ ಕಾರಣ ಬಹುಪಾಲು ಡಗ್ಗಾ, ಅಂದರೆ ತಬಲಾ ಜೋಡಿಯಲ್ಲಿ ಎಡಗೈ ಬಾರಿಸುವ ದೊಡ್ಡದು. ಪಲ್ಲವಿಯ ಸಮಕ್ಕೆ (ತಾಳದ ಮೊದಲ ಪೆಟ್ಟಿಗೆ) ಬಂದು ತಬಲಾ ವಾದಕರು ‘ಧಾ’ ಬಾರಿಸುವ ಕ್ಷಣ ಗಮನಿಸಿ: ಬಲಗೈ, ಎಡಗೈ ಎರಡೂ ಒಟ್ಟಿಗೆ ಬೀಳುತ್ತವೆ, ಅದೇ ಕ್ಷಣಕ್ಕೆ ಹಾರ್ಮೋನಿಯಂನ ಷಡ್ಜ, ಕೀಬೋರ್ಡಿನ ಕೆಳಸ್ವರ ಕೂಡಿಕೊಳ್ಳುತ್ತವೆ. ಮೈನಸ್ 9ರಲ್ಲಿ ಓಡಾಡುತ್ತಿದ್ದ ಮೀಟರ್ ಮೈನಸ್ 4ಕ್ಕೆ ನೆಗೆದು ಬೀಳುತ್ತದೆ. ಡಗ್ಗಾ ಮ್ಯೂಟ್ ಮಾಡಿ ನೋಡಿದರೆ ನೆಗೆತವೇ ಇಲ್ಲ. ಕಿವಿಗೆ ಅದು ಅಷ್ಟು ಜೋರೆನಿಸುವುದಿಲ್ಲ, ಏಕೆಂದರೆ ನಮ್ಮ ಕಿವಿ ಮಂದ್ರದ ಸದ್ದಿಗೆ ಅಷ್ಟು ಚುರುಕಲ್ಲ. ಮೀಟರ್‌ಗೆ ಆ ಭೇದವಿಲ್ಲ.

ಮೊದಲು ಡಗ್ಗಾಕ್ಕೆ ದಾರಿ ಬಿಡಿಸುತ್ತೇನೆ. ಕಂಠದಲ್ಲಿ 80ರಿಂದ 100 ಹರ್ಟ್ಸ್‌ವರೆಗೆ, ಕೊಳಲಿನಲ್ಲಿ ಇನ್ನೂ ಮೇಲಿನವರೆಗೆ ತಳದ ಮಂದ್ರ ಸದ್ದು ಕತ್ತರಿಸುತ್ತೇನೆ. ಅಲ್ಲಿರುವುದು ಉಸಿರಿನ ಗಾಳಿ, ಸ್ಟ್ಯಾಂಡಿನ ಅದುರು, ರಸ್ತೆಯಲ್ಲಿ ಹೋಗುವ ಬಸ್ಸಿನ ಗುಂಯ್ ಮಾತ್ರ. ಕೀಬೋರ್ಡಿನ ಎಡಗೈ ಸ್ವರಗಳು ಬೇಕೇ ಬೇಕೇ ಎಂದು ಕೇಳಿಕೊಳ್ಳುತ್ತೇನೆ; ಸಾಮಾನ್ಯವಾಗಿ ಬೇಡ. ಆಮೇಲೆ ಡಗ್ಗಾಕ್ಕೆ 3:1 ಕಂಪ್ರೆಷನ್: ಥ್ರೆಶೋಲ್ಡನ್ನು 3 ಡಿಬಿ ಮೀರಿದ್ದು 1 ಡಿಬಿ ಮಾತ್ರ ಮೀರಿ ಹೊರಬರುತ್ತದೆ. ಅಟ್ಯಾಕ್ (ಕಂಪ್ರೆಸರ್ ಅದುಮಲು ತೊಡಗುವ ವೇಗ) ನಿಧಾನವಿದ್ದರೆ ಬೆರಳಿನ ಹೊಡೆತ ಉಳಿದು ಹಿಂದಿನ ಗುಂಗು ಮಾತ್ರ ತಗ್ಗುತ್ತದೆ. ಮಣಿಕಟ್ಟಿನಿಂದ ಒತ್ತಿ ಎಳೆಯುವ ಗುಮಕಿಗಳು ಅತಿಯಾದ ಕಡೆ ಕೈಯಲ್ಲೇ ಆಟೊಮೇಶನ್ ಬರೆಯುತ್ತೇನೆ. ಇಷ್ಟರಲ್ಲಿ ಮಾಸ್ಟರ್‌ನಲ್ಲಿ 3 ಡಿಬಿ ಜಾಗ ಹುಟ್ಟಿರುತ್ತದೆ.

ರಾತ್ರಿ ಮನೆಯವರು ಮಲಗಿದ ಮೇಲೆ ತೀರಾ ಸಣ್ಣ ಸದ್ದಿನಲ್ಲಿ ಡಗ್ಗಾದ ಮಟ್ಟ ನಿರ್ಧರಿಸುವುದಿಲ್ಲ. ಸದ್ದು ಇಳಿದಂತೆ ಕಿವಿಗೆ ತಳ ಮಾಯವಾಗುತ್ತದೆ, ಕೈ ತಾನಾಗಿ ಅದನ್ನು ಎತ್ತುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲೇ ಅಳೆದು ತೋರಿಸಿದ ಸಂಗತಿ ಇದು. ಸ್ಪೀಕರ್‌ನ ಸದ್ದು ಏರಿಳಿಸುವ ಗುಬ್ಬಿಗೆ ಗುರುತಾಗಿ ಒಂದು ಟೇಪಿನ ಚೂರು ಅಂಟಿಸಿದ್ದೇನೆ. ಹಗಲಿನಲ್ಲಿ, ಆ ಗುರುತಿನಲ್ಲಿ ಕೇಳಿಯೇ ತೀರ್ಮಾನ.

ಗಾಯಕಿಯೊಬ್ಬರು ಯಾವಾಗಲೂ ಫೋನ್ ಮಾಡುತ್ತಾರೆ: “ಸರ್, ಬೇರೆಯವರ ಹಾಡಿಗಿಂತ ನಮ್ಮದು ಸಣ್ಣಗೆ ಕೇಳಿಸುತ್ತಿದೆಯಲ್ಲ?” ಅವರು ಕೇಳುವುದು ವಾಟ್ಸ್‌ಆ್ಯಪ್‌ನಲ್ಲಿ, ಅಲ್ಲಿ ಮಟ್ಟ ಸರಿದೂಗಿಸುವವರಿಲ್ಲ. ಸ್ಪಾಟಿಫೈ, ಯೂಟ್ಯೂಬ್‌ಗಳು ಜೋರಿನ ಹಾಡನ್ನು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳಿಸುವ ಒಟ್ಟು ಜೋರಿನ ಅಳತೆ) ಆಸುಪಾಸಿಗೆ ತಾವೇ ತಗ್ಗಿಸುತ್ತವೆ. ವಚನಕ್ಕೆ ನನಗೆ ಮೈನಸ್ 16 ಸಾಕು. ಆ ಗಾಯಕಿಗಾಗಿ ಲಿಮಿಟರ್ (ಶಿಖರಗಳು ಒಂದು ಮಿತಿ ದಾಟದಂತೆ ತಡೆಯುವ ಪ್ಲಗಿನ್) ಹಾಕಿ ಜೋರು ಮಾಡಿದ ಒಂದು ಪ್ರತಿ ಮಾಡಿ, ಫೈಲಿನ ಹೆಸರಿನಲ್ಲೇ ‘ಕೇಳಲು ಮಾತ್ರ’ ಎಂದು ಬರೆದು ಕಳಿಸುತ್ತೇನೆ.

ಹಾಡು ನಿಜಕ್ಕೂ ಬಡಕಲಾಗಿದ್ದರೆ ಲಿಮಿಟರ್ ಅದಕ್ಕೆ ಮದ್ದಲ್ಲ. ನಮ್ಮ ತಿರುಮಕೂಡಲಿನ ಪಿಟೀಲು ಚೌಡಯ್ಯನವರು ಮೈಕಿನ ನೆರವಿಲ್ಲದ ಸಭೆಗಳಲ್ಲಿ ಹಿಂದೆ ಕೂತವರಿಗೂ ಕೇಳಿಸಲೆಂದು ಪಿಟೀಲಿಗೇ ಏಳು ತಂತಿ ಕಟ್ಟಿಸಿಕೊಂಡವರು. ನಾನೂ ಮೊದಲು ವಾದ್ಯವನ್ನೇ ನೋಡುತ್ತೇನೆ: ಕೊಳಲಿನ ಸಾಲನ್ನೇ ಹಾರ್ಮೋನಿಯಂ ಒಂದು ಸ್ಥಾಯಿ ಕೆಳಗೆ ನುಡಿಸಿದರೆ ಹಾಡು ತುಂಬಿಕೊಳ್ಳುತ್ತದೆ, ಮೀಟರ್ ಹೆಚ್ಚು ಅಲ್ಲಾಡುವುದಿಲ್ಲ.

ಮಾಸ್ಟರಿಂಗ್‌ಗೆ (ಬಿಡುಗಡೆಗೆ ಮೊದಲಿನ ಕೊನೆಯ ಹದಗೊಳಿಸುವಿಕೆಗೆ) ಬೇರೆಯವರಿಗೆ ಕೊಡುವುದಾದರೆ ಲಿಮಿಟರ್ ತೆಗೆದು, ನಾರ್ಮಲೈಸ್ ಮಾಡದೆ (ಒಟ್ಟು ಮಟ್ಟವನ್ನು ಗರಿಷ್ಠಕ್ಕೆ ಎತ್ತದೆ), ಶಿಖರ ಮೈನಸ್ 6ರ ಹತ್ತಿರವಿರುವ 24 ಬಿಟ್ ವೇವ್ ಫೈಲ್ ಕೊಡುತ್ತೇನೆ. ಮೈನಸ್ 6 ಶಾಸನವೇನಲ್ಲ, ಮೈನಸ್ 4 ಆದರೂ ಯಾರೂ ಬೈಯುವುದಿಲ್ಲ. ನಾನೇ ಮುಗಿಸುವುದಾದರೆ ಲಿಮಿಟರ್‌ನ ಮಿತಿ ಟ್ರೂ ಪೀಕ್ (ಡಿಜಿಟಲ್ ಮಾದರಿಗಳ ನಡುವೆ ಏಳುವುದೂ ಸೇರಿದ ನಿಜವಾದ ಶಿಖರ) ಮೈನಸ್ 1. ಎಂಪಿ3 ಮಾಡುವಾಗ ಶಿಖರಗಳು ಸ್ವಲ್ಪ ಏರುತ್ತವೆ; ಆದ್ದರಿಂದ ಆ ಎಂಪಿ3ಯನ್ನೇ ಮತ್ತೆ ರೀಪರ್‌ಗೆ ಎಳೆದು ಮೀಟರ್ ನೋಡುತ್ತೇನೆ. ಸೊನ್ನೆ ಮುಟ್ಟಿದ್ದರೆ ಮಿತಿಯನ್ನು ಇನ್ನರ್ಧ ಡಿಬಿ ಇಳಿಸಿ ಮತ್ತೆ ರೆಂಡರ್ ಮಾಡುತ್ತೇನೆ.